ಊಹೆಯೂ ಪ್ರಮಾಣವೂ: ಕೊಲೆಯ ತನಿಖೆಯಲ್ಲಿ ಜನರ ಮಾತು

ಕೊಲೆಯ ವಾರ್ತೆಯು ಹಬ್ಬುವಷ್ಟು ಬೇಗನೆ ಲೋಕದಲ್ಲಿ ಮತ್ತಾವ ವಾರ್ತೆಯೂ ಹಬ್ಬಲಾರದು. ಮಳೆ ಬಂದ ಸುದ್ದಿ, ಧಾರಣೆ ಇಳಿದ ಸುದ್ದಿ, ಮದುವೆ ನಿಶ್ಚಯವಾದ ಸುದ್ದಿ ಇವೆಲ್ಲ ಕಾಲ್ನಡಿಗೆಯಲ್ಲಿ ಬರುತ್ತವೆ. ಕೊಲೆಯ ಸುದ್ದಿಯೊಂದೇ ಕುದುರೆಯೇರಿ ಬರುತ್ತದೆ. ಹಿಂದೆ ಅದು ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಸಾಗುತ್ತಿದ್ದಿತು. ಈಗ ಒಬ್ಬೊಬ್ಬರ ಕೈಯಲ್ಲಿಯೂ ಇರುವ ಮೊಬೈಲಿನ ಮೂಲಕ ಕ್ಷಣಮಾತ್ರದಲ್ಲಿ ಮನೆಯ ಪಡಸಾಲೆಯೊಳಕ್ಕೇ ಬಂದು ಕುಳಿತುಬಿಡುತ್ತದೆ.

ನಮ್ಮ ಗುರುಗುಂಟಾ ಲಿಂಗಸುಗೂರು ತಾಲೂಕಿನ ಒಂದು ಊರು. ನಿಜಾಮರ ಕಾಲದಲ್ಲಿ ಇದು ನಾಯಕ ಮನೆತನದ ಒಂದು ಚಿಕ್ಕ ಸಂಸ್ಥಾನವಾಗಿದ್ದಿತು. ಒಂದು ಮಗ್ಗುಲಲ್ಲಿ ಅಮರೇಶ್ವರನ ಕ್ಷೇತ್ರ, ಇನ್ನೊಂದು ಮಗ್ಗುಲಲ್ಲಿ ಹಟ್ಟಿಯ ಚಿನ್ನದ ಗಣಿ. ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಆದರೂ ಅಲ್ಲಿ ಸಾಯಂಕಾಲ ಕೊಲೆಯಾದರೆ, ಬೆಳಗಾಗುವಷ್ಟರಲ್ಲಿ ನಮ್ಮೂರ ಚಹದಂಗಡಿಯ ಕಟ್ಟೆಯ ಮೇಲೆ ಕೊಲೆಗಾರನು ಸಿಕ್ಕಿಬಿದ್ದಿರುತ್ತಾನೆ! ಪೊಲೀಸರಿಗೆ ಮಾತ್ರ ಅವನು ಇನ್ನೂ ಸಿಕ್ಕಿರುವುದಿಲ್ಲ. ಎರಡನೆಯ ಬಟ್ಟಲು ಚಹ ಮುಗಿಯುವ ಮೊದಲೇ ಕೊಲೆಯ ಕಾರಣ, ಕೊಂದ ಬಗೆ, ಮುಚ್ಚಿಹಾಕಿದವರ ಹೆಸರು ಎಲ್ಲವೂ ನಿರ್ಣಯವಾಗಿ, ಶಿಕ್ಷೆಯೂ ವಿಧಿಸಲ್ಪಡುತ್ತದೆ.

ಇದನ್ನು ನಾವು ಬರಿಯ ಪರಿಹಾಸಕ್ಕಾಗಿ ಹೇಳುತ್ತಿಲ್ಲ. ಒಂದು ಜೀವವು ಅನ್ಯಾಯವಾಗಿ ಹೋದಾಗ ಜನರ ಮನಸ್ಸು ಕಲಕುವುದು ಸಹಜ. ಯಾರು ಕೊಂದರು, ಏಕೆ ಕೊಂದರು ಎಂದು ತಿಳಿಯುವವರೆಗೆ ಮನುಷ್ಯನಿಗೆ ನೆಮ್ಮದಿಯಿಲ್ಲ. ಕೇಳಿಯೂ ಕೇಳದಂತಿರುವ ಸಮಾಜಕ್ಕಿಂತ ಕೇಳಿ ಕಳವಳಗೊಳ್ಳುವ ಸಮಾಜವೇ ಲೇಸು. ಆದರೆ ಈ ಊಹೆಯ ಮಾತುಗಳು ಕಟ್ಟೆಯ ಮೇಲೆಯೇ ಉಳಿಯುತ್ತವೆಯೋ, ಅಥವಾ ಎದ್ದುಹೋಗಿ ತನಿಖೆಯ ಕಾಲನ್ನೇ ಕಟ್ಟುತ್ತವೆಯೋ ಎಂಬುದನ್ನು ಗೃಹಸ್ಥರಾದವರು ವಿಚಾರಿಸಬೇಕಾಗಿದೆ.

ನಮ್ಮ ದೇಶದ ನೈಯಾಯಿಕರು ಈ ವಿಷಯವನ್ನು ಬಹು ಹಿಂದೆಯೇ ಚಿಂತಿಸಿದ್ದಾರೆ. ಗೌತಮನ ನ್ಯಾಯಸೂತ್ರದಲ್ಲಿ ಹದಿನಾರು ಪದಾರ್ಥಗಳನ್ನು ಹೇಳಿದೆ. ಅವುಗಳಲ್ಲಿ ‘ಸಂಶಯ’ವು ಮೂರನೆಯದು, ‘ನಿರ್ಣಯ’ವು ಒಂಬತ್ತನೆಯದು. ನಡುವೆ ಪ್ರಯೋಜನ, ದೃಷ್ಟಾಂತ, ಸಿದ್ಧಾಂತ, ಅವಯವ, ತರ್ಕ ಎಂದು ಐದು ಮೆಟ್ಟಿಲುಗಳಿವೆ. ಸಂಶಯ ಹುಟ್ಟಿದ ಕೂಡಲೆ ನಿರ್ಣಯಕ್ಕೆ ನೆಗೆಯುವವನು ಐದು ಮೆಟ್ಟಿಲುಗಳನ್ನು ಹಾರಿ ಅಟ್ಟವನ್ನೇರಲು ಹೋದವನಂತೆ; ಬೀಳುವುದೇ ಹೆಚ್ಚು. ಆ ಶಾಸ್ತ್ರಕಾರರು ಊಹೆಯನ್ನು ಹೀಗಳೆದವರಲ್ಲ. ಅದಕ್ಕೇ ‘ತರ್ಕ’ವೆಂಬ ಗೌರವದ ಹೆಸರನ್ನು ಕೊಟ್ಟರು. ಆದರೆ ಪ್ರಮಾಣಗಳ ಪಂಕ್ತಿಯಲ್ಲಿ ಅದನ್ನು ಕುಳ್ಳಿರಿಸಲಿಲ್ಲ. ತರ್ಕವು ಪ್ರಮಾಣಕ್ಕೆ ನೆರವಾಗಬಲ್ಲುದು, ತಾನೇ ಪ್ರಮಾಣವಾಗಲಾರದು. ಎಲ್ಲಿ ಹುಡುಕಬೇಕೆಂಬುದನ್ನು ಊಹೆ ತೋರಿಸಬಹುದು. ಸಿಕ್ಕಿತೆಂದು ಹೇಳಬೇಕಾದುದು ಪ್ರಮಾಣವೇ.

ಈ ಭೇದವು ಪುಸ್ತಕದ ಮಾತಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಎರಡು ಕೊಲೆಗಳನ್ನು ನೋಡೋಣ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ನೆಯ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದರು. ಎರಡು ವರ್ಷ ಕಳೆದು 2017ನೆಯ ಸೆಪ್ಟೆಂಬರ್ 5ರ ರಾತ್ರಿ ಪತ್ರಿಕೋದ್ಯೋಗಿ ಗೌರಿ ಲಂಕೇಶರು ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಎರಡು ಸಂದರ್ಭಗಳಲ್ಲಿಯೂ ಮರುದಿನದಿಂದಲೇ ಊಹೆಗಳು ಅಣಬೆಗಳಂತೆ ಎದ್ದವು. ಆಸ್ತಿಯ ಜಗಳವೆಂದವರು ಕೆಲವರು, ಸ್ವಂತ ವೈರವೆಂದವರು ಕೆಲವರು, ನಕ್ಸಲರ ಕೃತ್ಯವೆಂದವರು ಕೆಲವರು, ಮತಾಂಧರ ಕೃತ್ಯವೆಂದವರು ಕೆಲವರು. ಪ್ರತಿಯೊಬ್ಬನೂ ತಾನು ಮೊದಲೇ ನಂಬಿದ್ದುದಕ್ಕೆ ಈ ಕೊಲೆಯನ್ನು ಉದಾಹರಣೆಯಾಗಿ ಮಾಡಿಕೊಂಡನು. ಗುಂಡು ಯಾವ ಪಿಸ್ತೂಲಿನಿಂದ ಬಂದಿತೆಂದು ಕೇಳಿದವರು ವಿರಳ.

ಆದರೆ ತನಿಖೆಗೆ ಉಪಯೋಗಕ್ಕೆ ಬಂದುದು ಆ ಪ್ರಶ್ನೆಯೇ. ಗೌರಿಯವರ ಕೊಲೆಯ ಮರುದಿನವೇ ಸರ್ಕಾರವು ವಿಶೇಷ ತನಿಖಾ ದಳವನ್ನು ನೇಮಿಸಿತು. ಸ್ಥಳದಲ್ಲಿ ಸಿಕ್ಕಿದ ಗುಂಡುಗಳೂ ತೋಟೆಯ ಕೋಶಗಳೂ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. ಪಿಸ್ತೂಲಿನ ಸೂಜಿಯು ತೋಟೆಯ ಹಿಂಬದಿಗೆ ಬಡಿದಾಗ ಅಲ್ಲಿ ಒಂದು ಕುಳಿ ಬೀಳುತ್ತದೆ. ಸಿಡಿದ ರಭಸಕ್ಕೆ ಕೋಶವು ಹಿಂದಕ್ಕೊತ್ತಿಕೊಂಡು ಪಿಸ್ತೂಲಿನ ಲೋಹದ ಗೀರುಗಳನ್ನು ತನ್ನ ಮೈಮೇಲೆ ಅಚ್ಚೊತ್ತಿಕೊಳ್ಳುತ್ತದೆ. ಒಂದೊಂದು ಆಯುಧದ ಗುರುತೂ ಅದರದರದೇ. ಅಕ್ಕಸಾಲಿಗನ ಮುದ್ರೆಯಂತೆ ಇದನ್ನು ಸೂಕ್ಷ್ಮದರ್ಶಕದ ಕೆಳಗೆ ಹೋಲಿಸಿ ನೋಡಬಹುದು. ಹೀಗೆ ಹೋಲಿಸಿದಾಗ ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ಗುಂಡು ಹಾರಿಸಿದ್ದು 7.65 ಮಿಲಿಮೀಟರಿನ ಒಂದೇ ನಾಡಪಿಸ್ತೂಲು ಎಂಬ ಅಭಿಪ್ರಾಯವನ್ನು ಪ್ರಯೋಗಾಲಯವು ಕೊಟ್ಟಿತು. ಒಂದು ಮನೆಯ ಆಸ್ತಿ ಜಗಳಕ್ಕೂ ಇನ್ನೊಂದು ಮನೆಯ ಸ್ವಂತ ವೈರಕ್ಕೂ ಒಂದೇ ಪಿಸ್ತೂಲು ಹೇಗೆ ಬಂದಿತು? ಕಟ್ಟೆಯ ಮೇಲಿನ ನೂರು ಮಾತುಗಳಲ್ಲಿ ಎಷ್ಟೋ ಮಾತುಗಳನ್ನು ಆ ಅಂಗೈಯಗಲದ ಲೋಹವು ಮೂಕವಾಗಿಯೇ ಅಲ್ಲಗಳೆಯಿತು.

ಈ ತನಿಖೆಯು ಎಷ್ಟು ನಿಧಾನವಾಗಿ ನಡೆದಿತೆಂಬುದನ್ನೂ ವಾಚಕರು ಗಮನಿಸಬೇಕು. ಗೌರಿಯವರ ಕೊಲೆಯ ಪ್ರಕರಣದಲ್ಲಿ ಮೊದಲನೆಯ ಬಂಧನವಾದುದು 2018ನೆಯ ಮಾರ್ಚ್ ತಿಂಗಳಲ್ಲಿ, ಎಂದರೆ ಆರು ತಿಂಗಳು ಕಳೆದ ಮೇಲೆ. ಅದೇ ವರ್ಷದ ನವೆಂಬರ್ 23ರಂದು ಸಲ್ಲಿಸಿದ ಎರಡನೆಯ ಆರೋಪಪತ್ರವು 9,235 ಪುಟಗಳಷ್ಟಿದ್ದಿತು; ಅದರಲ್ಲಿ ಹದಿನೆಂಟು ಜನರ ಮೇಲೆ ಆರೋಪವಿದ್ದಿತು. ಕಲಬುರ್ಗಿಯವರ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2019ನೆಯ ಫೆಬ್ರವರಿಯಲ್ಲಿ ಅದೇ ದಳಕ್ಕೆ ಒಪ್ಪಿಸಿತು. ಅದಕ್ಕೆ ಕಾರಣವಾದುದು ಆ ವಿದ್ವಾಂಸರ ಪತ್ನಿಯು ನ್ಯಾಯಾಲಯದ ಬಾಗಿಲನ್ನು ತಟ್ಟಿದ್ದು, ಕಟ್ಟೆಯ ಮಾತಲ್ಲ. ಗೌರಿಯವರ ಪ್ರಕರಣದ ಸಾಕ್ಷಿಗಳ ವಿಚಾರಣೆಯು ಮೊದಲಾದುದು 2022ನೆಯ ಜುಲೈ ತಿಂಗಳಲ್ಲಿ. ಆರೋಪಪತ್ರ ಎಷ್ಟೇ ದಪ್ಪವಾಗಿದ್ದರೂ ಅದು ಆರೋಪವೇ ಹೊರತು ತೀರ್ಪಲ್ಲವೆಂಬುದನ್ನು ಇಲ್ಲಿಯೂ ಮರೆಯಲಾಗದು.

ಇದೇ ಪ್ರಕರಣದಲ್ಲಿ ನಡೆದ ಇನ್ನೊಂದು ಸಂಗತಿ. 2017ನೆಯ ಅಕ್ಟೋಬರಿನಲ್ಲಿ ತನಿಖಾ ದಳದವರು ಸಂಶಯಿತರ ರೇಖಾಚಿತ್ರಗಳನ್ನು ಹೊರಡಿಸಿ, ಕಂಡವರು ತಿಳಿಸಬೇಕೆಂದು ಬೇಡಿಕೊಂಡರು. ಒಂದು ಚಿತ್ರದ ಹಣೆಯಲ್ಲಿ ತಿಲಕವಿದ್ದಿತು. ನಾಡಿನ ಅರ್ಧದಷ್ಟು ಚರ್ಚೆಯು ಮುಖವನ್ನು ಬಿಟ್ಟು ತಿಲಕದ ಮೇಲೆ ನಿಂತುಬಿಟ್ಟಿತು! ಹಚ್ಚಿಕೊಂಡ ತಿಲಕವನ್ನು ಒರಸಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ಕಣ್ಣು, ಮೂಗು, ದವಡೆಗಳ ಮಾಟವನ್ನು ನೋಡಿ ಗುರುತಿಸಿರೆಂದು ಕೊಟ್ಟ ಚಿತ್ರವನ್ನು ಜನರು ಪಕ್ಷಗಳ ಜಗಳಕ್ಕೆ ಧ್ವಜವಾಗಿ ಮಾಡಿಕೊಂಡರು. ನೋಡಬೇಕಾದುದನ್ನು ಬಿಟ್ಟು ನೋಡಬಯಸಿದುದನ್ನೇ ನೋಡುವುದು ಊಹೆಯ ಮೊದಲನೆಯ ದೋಷ.

‘ಆರೋಪಿಯು ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನಂತೆ, ಇನ್ನೇತಕ್ಕೆ ವಿಚಾರಣೆ?’ ಎಂಬುದು ಪ್ರತಿಯೊಂದು ಕೊಲೆಯ ಸುದ್ದಿಯ ಹಿಂದೆಯೂ ಕೇಳಿಬರುವ ಮಾತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಧಿಸಿ ತೋರಿಸಲಾಗದೆಂದು 1872ನೆಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನಲ್ಲಿ ಹೇಳಿದ್ದಿತು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿಯೂ ಅದೇ ನಿಯಮವಿದೆ. ಕಾರಣ ಸ್ಪಷ್ಟ. ಠಾಣೆಯ ನಾಲ್ಕು ಗೋಡೆಗಳ ನಡುವೆ ಮನುಷ್ಯನ ಬಾಯಿಂದ ಮಾತನ್ನು ಹೊರಡಿಸುವುದು ಕಷ್ಟವಲ್ಲ. ನಿಜವನ್ನು ಹೊರಡಿಸುವುದು ಕಷ್ಟ. ಆದರೆ ಆ ಮಾತನ್ನನುಸರಿಸಿ ಹೋದಾಗ ಹೊಸದೊಂದು ವಸ್ತುವು ನಿಜವಾಗಿಯೂ ದೊರೆತರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತನ್ನು ಮಾತ್ರ ನ್ಯಾಯಾಲಯವು ತೆಗೆದುಕೊಳ್ಳುತ್ತದೆ.

ಇದಕ್ಕೆ ಬೆಂಗಳೂರಿನ ಶ್ರದ್ಧಾನಂದ ಪ್ರಕರಣವೇ ಪ್ರಸಿದ್ಧವಾದ ನಿದರ್ಶನ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು 1991ನೆಯ ಮೇ ತಿಂಗಳಲ್ಲಿ ರಿಚ್ಮಂಡ್ ರಸ್ತೆಯ ತನ್ನ ಮನೆಯಿಂದ ಕಾಣೆಯಾದಳು. ಕೇಳಿದವರಿಗೆಲ್ಲ ಅವಳ ಎರಡನೆಯ ಗಂಡನು ಅವಳು ಪರದೇಶಕ್ಕೆ ಹೋಗಿರುವಳೆಂದು ಹೇಳುತ್ತಿದ್ದನು. ಮಗಳು ನಂಬಲಿಲ್ಲ, 1992ರಲ್ಲಿ ದೂರನ್ನಿತ್ತಳು. 1994ನೆಯ ಮಾರ್ಚ್ ತಿಂಗಳಲ್ಲಿ ತನಿಖೆಯು ಅಪರಾಧ ವಿಭಾಗದ ಕೈಗೆ ಬಂದಿತು. ಗಂಡನು ಕೊಟ್ಟ ಹೇಳಿಕೆಯನ್ನನುಸರಿಸಿ ಅಧಿಕಾರಿಗಳ, ವೈದ್ಯರ ಸಮಕ್ಷಮದಲ್ಲಿ ಮನೆಯ ಅಂಗಳವನ್ನು ಅಗೆಸಿದಾಗ, ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರವು ದೊರೆಯಿತು. ಅಗೆತವನ್ನು ವಿಡಿಯೋದಲ್ಲಿ ಚಿತ್ರಿಸಿಕೊಂಡರು. ತಲೆಬುರುಡೆಯನ್ನು ಭಾವಚಿತ್ರದೊಡನೆ ಹೊಂದಿಸಿ ನೋಡಿದರು. ಡಿಎನ್ಎ ಪರೀಕ್ಷೆಯನ್ನು ಮಾಡಿಸಿದರು. ಅಸ್ಥಿಗಳೊಡನೆ ಸಿಕ್ಕಿದ ಒಡವೆಗಳನ್ನು ತಾಯಿಯಿಂದ ಗುರುತಿಸಿಸಿದರು. ಪ್ರತ್ಯಕ್ಷದರ್ಶಿ ಒಬ್ಬರೂ ಇಲ್ಲದ ಈ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯವು 2005ರಲ್ಲಿ ಅವನನ್ನು ಅಪರಾಧಿಯೆಂದು ನಿರ್ಣಯಿಸಿತು. ಸರ್ವೋಚ್ಚ ನ್ಯಾಯಾಲಯವು 2008ನೆಯ ಜುಲೈ 22ರಂದು ಅವನಿಗೆ ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. ಇಲ್ಲಿ ಅಪರಾಧವನ್ನು ಸಾಧಿಸಿದ್ದು ಬಾಯಿಯ ಮಾತೊಂದೇ ಅಲ್ಲ. ನೆಲವೇ ಎದ್ದು ಸಾಕ್ಷಿ ನುಡಿಯಿತು.

ಹೀಗೆಯೇ ‘ಮಂಪರು ಪರೀಕ್ಷೆ ಮಾಡಿಸಿದರೆ ಎಲ್ಲವೂ ಹೊರಬೀಳುವುದು’ ಎಂಬ ಇನ್ನೊಂದು ನಂಬಿಕೆಯಿದೆ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ನೆಯ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಗುರಿಮಾಡಲಾಗದೆಂದು ತೀರ್ಪಿತ್ತಿತು. ಔಷಧದ ಮಂಪರಿನಲ್ಲಿ ಮನುಷ್ಯನು ನಿಜವನ್ನೂ ಹೇಳಬಹುದು, ಕನಸನ್ನೂ ಹೇಳಬಹುದು, ಕೇಳುವವನು ಬಯಸಿದ್ದನ್ನೂ ಹೇಳಬಹುದು.

ಕಣ್ಣಾರೆ ಕಂಡವರು ಇಲ್ಲದ ಕೊಲೆಗಳಲ್ಲಿ ಸುತ್ತಣ ಸಂಗತಿಗಳನ್ನು ಕೊಂಡಿಕೊಂಡಿಯಾಗಿ ಜೋಡಿಸಿ ಅನುಮಾನದ ಸರಪಳಿಯನ್ನು ಮಾಡಬೇಕಾಗುತ್ತದೆ. ಈ ಸರಪಳಿಯು ಎಂಥ ಅಪಾಯಕರವಾದುದೆಂಬುದನ್ನು ಶೂದ್ರಕ ಕವಿಯು ತನ್ನ ಮೃಚ್ಛಕಟಿಕ ನಾಟಕದ ಒಂಬತ್ತನೆಯ ಅಂಕದಲ್ಲಿ ತೋರಿಸಿದ್ದಾನೆ. ವಸಂತಸೇನೆಯ ಕೊರಳನ್ನು ಹಿಸುಕಿದವನು ರಾಜನ ಮೈದುನನಾದ ಶಕಾರ. ನ್ಯಾಯಸ್ಥಾನಕ್ಕೆ ಓಡಿ ದೂರಿತ್ತವನೂ ಅವನೇ. ಅವಳು ಚಾರುದತ್ತನ ಮನೆಗೆ ಹೋಗಿದ್ದಳೆಂದು ಅವಳ ತಾಯಿಯೇ ಹೇಳುತ್ತಾಳೆ. ಚಾರುದತ್ತನ ಬಂಡಿಯು ಅವಳೊಡನೆ ಉದ್ಯಾನದ ಕಡೆಗೆ ಹೋಗುತ್ತಿದ್ದಿತೆಂದು ಕಾವಲುಗಾರನು ಹೇಳುತ್ತಾನೆ. ಉದ್ಯಾನದಲ್ಲಿ ಮೃಗಗಳು ತಿಂದುಳಿದ ಹೆಂಗಸಿನ ದೇಹವೊಂದು ಕಾಣುತ್ತದೆ. ಕೊನೆಗೆ ಚಾರುದತ್ತನ ಗೆಳೆಯನ ಕಂಕುಳಿನಿಂದ ವಸಂತಸೇನೆಯ ಒಡವೆಗಳು ನ್ಯಾಯಸ್ಥಾನದಲ್ಲಿಯೇ ಉದುರಿಬೀಳುತ್ತವೆ. ದರಿದ್ರನಾದವನಿಗೆ ಒಡವೆಯ ಆಸೆಯೆಂಬ ಕಾರಣವೂ ಸಿದ್ಧವಾಗಿಯೇ ಇದೆ. ಸರಪಳಿಯಲ್ಲಿ ಒಂದು ಕೊಂಡಿಯೂ ಕಡಿಮೆಯಿಲ್ಲ! ಆದರೂ ವಸಂತಸೇನೆಯು ಸತ್ತೇ ಇಲ್ಲ. ಉದ್ಯಾನದಲ್ಲಿ ಕಂಡ ದೇಹವು ಬೇರೆಯವಳದು. ಅವಳು ವಧ್ಯಸ್ಥಾನಕ್ಕೆ ಓಡಿಬರುವುದು ಒಂದು ಗಳಿಗೆ ತಡವಾಗಿದ್ದರೆ ನಿರಪರಾಧಿಯ ತಲೆಯು ನೆಲಕ್ಕುರುಳುತ್ತಿದ್ದಿತು. ಆ ನ್ಯಾಯಸ್ಥಾನದಲ್ಲಿ ಬಿಟ್ಟುಹೋದ ಪ್ರಶ್ನೆಯು ಒಂದೇ: ಸಿಕ್ಕಿದ ದೇಹವು ಯಾರದು?

ಆಧುನಿಕ ನ್ಯಾಯಶಾಸ್ತ್ರವು ಈ ಅಪಾಯವನ್ನು ಬಲ್ಲುದು. 1984ನೆಯ ಶರದ್ ಸಾರ್ಡಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಸಾಕ್ಷ್ಯಕ್ಕೆ ಐದು ನಿಯಮಗಳನ್ನು ಹೇಳಿ, ಅವನ್ನು ಪಂಚಶೀಲವೆಂದು ಕರೆಯಿತು. ಒಂದೊಂದು ಸಂಗತಿಯೂ ಸಂಪೂರ್ಣವಾಗಿ ಸಿದ್ಧವಾಗಿರಬೇಕು; ಎಲ್ಲ ಸಂಗತಿಗಳೂ ಆರೋಪಿಯ ಅಪರಾಧದೊಡನೆ ಮಾತ್ರ ಹೊಂದಬೇಕು; ಅವು ನಿಶ್ಚಾಯಕವಾಗಿರಬೇಕು; ಬೇರೆ ಯಾವ ಊಹೆಗೂ ಎಡೆಯಿರಕೂಡದು; ಸರಪಳಿಯು ಎಲ್ಲಿಯೂ ಕಡಿಯದೆ ಪೂರ್ಣವಾಗಿರಬೇಕು. ‘ಅವನೇ ಕೊಂದಿರಬಹುದು’ ಎಂಬುದಕ್ಕೂ ‘ಅವನೇ ಕೊಂದಿರಲೇಬೇಕು’ ಎಂಬುದಕ್ಕೂ ಇರುವ ದೂರವನ್ನು ಈ ಐದು ನಿಯಮಗಳು ಅಳೆಯುತ್ತವೆ. ಕಟ್ಟೆಯ ಮೇಲೆ ಆ ದೂರವು ಒಂದು ಗುಟುಕು ಚಹದಷ್ಟು!

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ನಮ್ಮ ಮಾತಿನಿಂದ ತನಿಖೆಗೆ ಹಾನಿಯಾಗುವುದು ಹೇಗೆ?

ಮೊದಲನೆಯದು, ಗುರುತಿಸುವಿಕೆಯ ಕೇಡು. ಸಂಶಯಿತನನ್ನು ಅವನಂತೆಯೇ ಇರುವ ಹಲವರೊಡನೆ ನಿಲ್ಲಿಸಿ, ‘ನೀನು ಕಂಡವನು ಇವರಲ್ಲಿದ್ದಾನೆಯೇ?’ ಎಂದು ಸಾಕ್ಷಿಯನ್ನು ಕೇಳುವ ಪದ್ಧತಿಯಿದೆ. ಇದಕ್ಕೆ ಗುರುತು ಪತ್ತೆಯ ಕವಾಯತು ಎನ್ನುತ್ತಾರೆ. ಆದರೆ ಅಷ್ಟರೊಳಗೆ ಅವನ ಭಾವಚಿತ್ರವು ಟಿವಿಯಲ್ಲಿಯೂ ಮೊಬೈಲಿನಲ್ಲಿಯೂ ನೂರು ಸಲ ತೋರಿಸಲ್ಪಟ್ಟಿದ್ದರೆ, ಸಾಕ್ಷಿಯು ಗುರುತಿಸುವುದು ಆ ರಾತ್ರಿ ಕಂಡ ಮುಖವನ್ನೋ, ನಿನ್ನೆ ಮೊಬೈಲಿನಲ್ಲಿ ಕಂಡ ಮುಖವನ್ನೋ? ವಕೀಲನು ಈ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು, ಗುರುತಿಸುವಿಕೆಯು ಬೆಲೆಗೆಡುತ್ತದೆ. ನಿಜವಾದ ಕೊಲೆಗಾರನೂ ಇದರಿಂದ ಪಾರಾಗಬಹುದು. ಚಿತ್ರವನ್ನು ಹರಡಿದವರು ನ್ಯಾಯಕ್ಕೆ ಉಪಕಾರ ಮಾಡಿದೆವೆಂದು ತಿಳಿದಿರುತ್ತಾರೆ.

ಎರಡನೆಯದು, ಸಾಕ್ಷಿಯ ನೆನಪಿನ ಕೇಡು. ಒಂದು ಕಲ್ಪಿತ ನಿದರ್ಶನವನ್ನು ಹೇಳುತ್ತೇವೆ. ಊರ ಹೊರಗೆ ಒಂದು ಕೊಲೆಯಾಯಿತೆನ್ನಿ. ರಾತ್ರಿ ಹೊಲಕ್ಕೆ ನೀರು ಬಿಡಲು ಹೋದ ರೈತನೊಬ್ಬನು ದಾರಿಯಲ್ಲಿ ಒಬ್ಬನು ನಡೆದುಹೋದುದನ್ನು ಕಂಡನು. ಬೆಳಿಗ್ಗೆ ಅವನ ಮಾತು ‘ಬಿಳಿಯ ಅಂಗಿಯವನೊಬ್ಬನು ಹೋದ’ ಎಂದು. ಮಧ್ಯಾಹ್ನ ನಾಲ್ಕು ಜನರು ಕೇಳಿದ ಮೇಲೆ ‘ಇಂಥವರ ಮಗನ ನಡಿಗೆಯಂತಿತ್ತು’ ಎಂದಾಯಿತು. ಸಾಯಂಕಾಲಕ್ಕೆ ‘ಅವನೇ, ಕೈಯಲ್ಲಿ ಕೊಡಲಿ ಇತ್ತು’ ಎಂದು ಬೆಳೆಯಿತು. ಆ ರೈತನು ಸುಳ್ಳುಗಾರನಲ್ಲ. ಕೇಳಿದವರ ಊಹೆಗಳನ್ನೆಲ್ಲ ಅವನ ನೆನಪು ಒಂದೊಂದಾಗಿ ನುಂಗಿ ತನ್ನದನ್ನಾಗಿ ಮಾಡಿಕೊಂಡಿತು. ಮೂರು ದಿನಗಳ ಮೇಲೆ ಫೌಜದಾರನು ಬರೆದುಕೊಳ್ಳುವಾಗ ಅವನು ಹೇಳುವುದು ತಾನು ಕಂಡುದನ್ನಲ್ಲ, ಊರು ಕಲ್ಪಿಸಿದುದನ್ನು.

ಮೂರನೆಯದು, ಸ್ಥಳದ ಕೇಡು. ಎರಡು ವಸ್ತುಗಳು ತಾಗಿದರೆ ಒಂದರ ಕುರುಹು ಇನ್ನೊಂದರ ಮೇಲೆ ಉಳಿಯುವುದೆಂಬ ತತ್ತ್ವಕ್ಕೆ, 1910ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಅಪರಾಧ ಪ್ರಯೋಗಾಲಯವನ್ನು ಸ್ಥಾಪಿಸಿದ ಲೊಕಾರ್ಡನ ಹೆಸರಿದೆ. ನಮ್ಮ ಸೀಮೆಯ ಎರೆಮಣ್ಣು ಹಸಿಯಾಗಿದ್ದಾಗ ಹೆಜ್ಜೆಯನ್ನು ಹಿಡಿದಿಡುವಂತೆ ಯಾವ ಮನುಷ್ಯಸಾಕ್ಷಿಯೂ ಹಿಡಿದಿಡಲಾರನು. ಆದರೆ ಕೊಲೆಯಾದ ಸುದ್ದಿ ಕೇಳಿ ಐವತ್ತು ಜನರು ಅಲ್ಲಿ ನಡೆದಾಡಿದ ಮೇಲೆ ಆ ಮಣ್ಣು ಏನನ್ನು ಹೇಳಬಲ್ಲುದು? ಉತ್ತರಪ್ರದೇಶದ ನೋಯಿಡಾದಲ್ಲಿ 2008ನೆಯ ಮೇ 16ರಂದು ಹುಡುಗಿಯೊಬ್ಬಳು ತನ್ನ ಕೋಣೆಯಲ್ಲಿ ಕೊಲೆಯಾಗಿ ಸಿಕ್ಕಿದಳು. ಮನೆಯ ಆಳು ಕಾಣದಿದ್ದುದರಿಂದ ಕೊಂದವನು ಅವನೇ ಎಂದು ಎಲ್ಲರೂ ನಂಬಿದರು. ಪೊಲೀಸರೂ ಅವನನ್ನೇ ಹುಡುಕಲು ಹೊರಟರು, ಮನೆಯೊಳಗೆ ಜನಜಂಗುಳಿ. ಮರುದಿನ ಆ ಆಳಿನ ಹೆಣವು ಅದೇ ಮನೆಯ ಮಾಳಿಗೆಯ ಮೇಲೆ ಸಿಕ್ಕಿತು! ಕೊಲೆಗಾರನೆಂದು ಲೋಕವು ಶಪಿಸುತ್ತಿದ್ದವನು ಅಷ್ಟು ಹೊತ್ತೂ ತಾನೇ ಕೊಲೆಯಾಗಿ ಬಿದ್ದಿದ್ದನು. ಮಾಳಿಗೆಯ ಬಾಗಿಲನ್ನು ತೆರೆಸಿ ನೋಡುವ ಕೆಲಸವನ್ನು ಊಹೆಯು ತಪ್ಪಿಸಿತು. ಬಳಿಕ ತಂದೆತಾಯಿಗಳಿಗೆ 2013ರಲ್ಲಿ ಶಿಕ್ಷೆಯಾಯಿತು. 2017ನೆಯ ಅಕ್ಟೋಬರಿನಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಅವರನ್ನೂ ಬಿಡುಗಡೆ ಮಾಡಿತು.

ನಾಲ್ಕನೆಯದು, ಎಲ್ಲಕ್ಕಿಂತ ಕ್ರೂರವಾದುದು, ನಿರಪರಾಧಿಯ ಕೇಡು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 2012ನೆಯ ಅಕ್ಟೋಬರಿನಲ್ಲಿ ಕಾಲೇಜಿನಿಂದ ಮನೆಗೆ ಮರಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮೇಲೆ ಘೋರವಾದ ಕೃತ್ಯವೂ ಕೊಲೆಯೂ ನಡೆದವು. ಜನರು ಒಬ್ಬನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ತನಿಖೆಯು ಕೈಯಿಂದ ಕೈಗೆ ಬದಲಾಗಿ ಕೊನೆಗೆ ಸಿಬಿಐಯವರಿಗೆ ಹೋಯಿತು. 2023ನೆಯ ಜೂನ್ 16ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಆ ಮನುಷ್ಯನನ್ನು ನಿರ್ದೋಷಿಯೆಂದು ಬಿಟ್ಟಿತು. ಹತ್ತು ವರ್ಷಗಳಿಗೂ ಮಿಕ್ಕಿ ಒಬ್ಬ ಮನುಷ್ಯನು ಕೊಲೆಗಾರನೆಂಬ ಹೆಸರನ್ನು ಹೊತ್ತು ಬಾಳಿದನು. ಒಂದು ತಾಯಿಗೆ ತನ್ನ ಮಗಳನ್ನು ಕೊಂದವರಾರೆಂಬ ಪ್ರಶ್ನೆಗೆ ಆ ತೀರ್ಪಿನಿಂದಲೂ ಉತ್ತರ ಸಿಕ್ಕಲಿಲ್ಲ. ತಪ್ಪಾದ ಒಂದು ಹೆಸರಿನಿಂದ ಎರಡು ಮನೆಗಳು ಬೇಯುತ್ತವೆ. ಸತ್ತವರ ಮನೆಗೆ ನ್ಯಾಯವಿಲ್ಲ, ಬದುಕಿದವನ ಮನೆಗೆ ಮಾನವಿಲ್ಲ.

ಸತ್ತವಳು ಹೆಂಗಸಾಗಿದ್ದರಂತೂ ಊಹೆಗೆ ಲಗಾಮೇ ಇರುವುದಿಲ್ಲ. ಅವಳು ಆ ಹೊತ್ತಿನಲ್ಲಿ ಏಕೆ ಹೊರಟಿದ್ದಳು, ಯಾರೊಡನೆ ಮಾತಾಡುತ್ತಿದ್ದಳು ಎಂದು ಅವಳ ನಡತೆಯನ್ನೇ ವಿಚಾರಣೆಗೆ ಗುರಿಮಾಡುತ್ತಾರೆ. ಕೊಂದವನ ವಿಚಾರಣೆಯು ನ್ಯಾಯಾಲಯದಲ್ಲಿ ಆಗುವ ಮೊದಲೇ ಕೊಲೆಯಾದವಳ ವಿಚಾರಣೆಯು ಊರ ಅಂಗಳದಲ್ಲಿ ಮುಗಿದುಹೋಗುತ್ತದೆ. ಉತ್ತರ ಕೊಡಲು ಅವಳಿಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳು ಇದನ್ನೆಲ್ಲ ಕೇಳುತ್ತಿರುತ್ತಾರೆಂಬುದನ್ನು ಹಿರಿಯರು ನೆನಪಿನಲ್ಲಿಡಬೇಕು. ನಾಳೆ ಅವರಿಗೆ ಕಷ್ಟ ಬಂದಾಗ ಬಾಯಿ ತೆರೆಯಲು ಅಂಜುವುದಕ್ಕೆ ಇದೇ ಬೀಜ.

ಹಾಗಾದರೆ ಪೊಲೀಸರು ಮಾಡಿದ್ದೇ ಸರಿಯೆಂದು ಜನರು ಬಾಯಿ ಮುಚ್ಚಿಕೊಂಡಿರಬೇಕೋ? ಎಂದಿಗೂ ಅಲ್ಲ. ತನಿಖೆಗಳು ಕೆಟ್ಟುಹೋಗುವುದುಂಟು, ಅಲಕ್ಷ್ಯದಿಂದಲೂ ಕೆಡುತ್ತವೆ, ಒತ್ತಡದಿಂದಲೂ ಕೆಡುತ್ತವೆ. ಪ್ರಶ್ನೆ ಕೇಳುವುದು ಬೇರೆ, ಹೆಸರು ಹೇಳುವುದು ಬೇರೆ. ‘ಇಂಥವನೇ ಕೊಂದ’ ಎನ್ನುವುದು ನಮ್ಮ ಅಧಿಕಾರವಲ್ಲ. ‘ಮಾಡಬೇಕಾದುದನ್ನು ಮಾಡಿದ್ದೀರಾ?’ ಎಂದು ಕೇಳುವುದು ನಮ್ಮ ಹಕ್ಕು, ಕರ್ತವ್ಯವೂ ಹೌದು. ದೂರನ್ನು ಯಾವ ಠಾಣೆಯಲ್ಲಾದರೂ ದಾಖಲಿಸಿಕೊಳ್ಳಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರನಿಗೆ ಪುಕ್ಕಟೆಯಾಗಿ ಕೊಡಬೇಕು. ಹೆಣದ ಪಂಚನಾಮೆಯು ಪಂಚರ ಸಮಕ್ಷಮ ಆಗಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯವನ್ನು ಸಂಗ್ರಹಿಸಿ, ಅದನ್ನು ವಿಡಿಯೋದಲ್ಲಿ ಚಿತ್ರಿಸಿಕೊಳ್ಳುವ ವ್ಯವಸ್ಥೆಯನ್ನು 2023ನೆಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ವಿಧಿಸಿದೆ. ತನಿಖೆಯು ಎಲ್ಲಿಯವರೆಗೆ ಬಂದಿತೆಂಬುದನ್ನು ತೊಂಬತ್ತು ದಿನಗಳೊಳಗೆ ದೂರುದಾರನಿಗೆ ಅಥವಾ ನೊಂದವರಿಗೆ ತಿಳಿಸಬೇಕೆಂದೂ ಅದರಲ್ಲಿದೆ. ಇವುಗಳಲ್ಲಿ ಯಾವುದು ಆಗಿಲ್ಲವೋ ಅದನ್ನು ಹಿಡಿದು ಕೇಳಿದರೆ ಅಧಿಕಾರಿಯು ಉತ್ತರ ಕೊಡಲೇಬೇಕಾಗುತ್ತದೆ. ಊಹೆಗೆ ಅವನು ಉತ್ತರ ಕೊಡಬೇಕಾಗಿಲ್ಲ; ನಕ್ಕು ಸುಮ್ಮನಾದರೆ ಸಾಕು. ಕೆಟ್ಟ ತನಿಖೆಗೆ ಜನರ ಗದ್ದಲವೇ ಒಳ್ಳೆಯ ಮರೆ.

ಗೌತಮನು ನಿರ್ಣಯದ ಬಳಿಕ ವಾದ, ಜಲ್ಪ, ವಿತಂಡಗಳನ್ನು ಹೇಳಿದ್ದಾನೆ. ತತ್ತ್ವವನ್ನು ತಿಳಿಯಲು ಮಾಡುವ ಚರ್ಚೆಯು ವಾದ. ಗೆಲ್ಲಬೇ‍ಕೆಂದೇ ಮಾಡುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಎದುರಾಳಿಯ ಪಕ್ಷವನ್ನು ಹೊಡೆಯುವುದೇ ವಿತಂಡ. ಟಿವಿಯಲ್ಲಿ ರಾತ್ರಿ ಒಂಬತ್ತು ಗಂಟೆಗೆ ನಡೆಯುವುದು ಈ ಮೂರರಲ್ಲಿ ಯಾವುದೆಂದು ವಾಚಕರೇ ನಿರ್ಣಯಿಸಿಕೊಳ್ಳಲಿ. ಅದೇ ಶಾಸ್ತ್ರದಲ್ಲಿ ಶಬ್ದಪ್ರಮಾಣಕ್ಕೆ, ಎಂದರೆ ಇನ್ನೊಬ್ಬರ ಮಾತಿನಿಂದ ಬರುವ ಜ್ಞಾನಕ್ಕೆ, ಒಂದು ಕಟ್ಟಳೆಯಿದೆ: ಹೇಳಿದವನು ಆಪ್ತನಾಗಿರಬೇಕು. ಆಪ್ತನೆಂದರೆ ಬಂಧುವಲ್ಲ, ವಿಷಯವನ್ನು ತಾನು ಬಲ್ಲವನು, ಬಲ್ಲುದನ್ನು ಇದ್ದಂತೆಯೇ ಹೇಳುವವನು. ಮೊಬೈಲಿನಲ್ಲಿ ತೇಲಿಬಂದ ವಾಕ್ಯಕ್ಕೆ ಆಪ್ತನಾರು? ಕಳುಹಿಸಿದವನಿಗೂ ಇನ್ನೊಬ್ಬನು ಕಳುಹಿಸಿರುತ್ತಾನೆ. ಮೂಲವಿಲ್ಲದ ಹೊಳೆ ಅದು.

ಎಂಟು ನೂರು ವರ್ಷಗಳಿಗೂ ಹಿಂದೆ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿ ವ್ಯವಹಾರನಿರ್ಣಯಕ್ಕೆ ಬರಹ, ಅನುಭೋಗ, ಸಾಕ್ಷಿ ಎಂದು ಮೂರು ಪ್ರಮಾಣಗಳನ್ನು ಎಣಿಸಿದೆ. ಇವಾವುವೂ ಇಲ್ಲದಾಗ ದಿವ್ಯವನ್ನು ಹೇಳಿದೆ. ಬೆಂಕಿ, ನೀರುಗಳ ಆ ದಿವ್ಯಗಳನ್ನು ಲೋಕವು ಬಿಟ್ಟುದು ಒಳ್ಳೆಯದೇ ಆಯಿತು. ಆದರೆ ಅಂದಿನವರೂ ಜನರ ಬಾಯಿಮಾತನ್ನು ಆ ಪಟ್ಟಿಯಲ್ಲಿ ಸೇರಿಸಲಿಲ್ಲ. ಅವರು ಸೇರಿಸದಿದ್ದುದನ್ನು ಇಂದು ನಾವು ಸೇರಿಸುವುದು ಯಾವ ವಿವೇಕ?

ಆದುದರಿಂದ ಗೃಹಸ್ಥರಾದವರು ಮನೆಯಲ್ಲಿ ಒಂದು ಸಣ್ಣ ಅಭ್ಯಾಸವನ್ನು ಮಾಡಿಕೊಳ್ಳಬಹುದು. ಇಂಥ ಸುದ್ದಿ ಬಂದಾಗ ಪ್ರತಿಯೊಂದು ಮಾತನ್ನೂ ಮೂರು ಗೂಡುಗಳಲ್ಲಿ ಬೇರೆ ಬೇರೆಯಾಗಿ ಇಡಬೇಕು: ಇದು ಕಂಡದ್ದು, ಇದು ಕೇಳಿದ್ದು, ಇದು ಊಹಿಸಿದ್ದು. ಮಕ್ಕಳಿಗೂ ಹೀಗೆಯೇ ಕಲಿಸಬೇಕು. ‘ಅವನೇ ಕೊಂದನಂತೆ’ ಎಂದು ಮಗು ಹೇಳಿದರೆ, ‘ನೀನು ಕಂಡೆಯೋ, ಕೇಳಿದೆಯೋ?’ ಎಂದು ಕೇಳಿರಿ. ಕಂಡದ್ದೇನಾದರೂ ನಮ್ಮಲ್ಲಿದ್ದರೆ ಅದನ್ನು ನೆರೆಯವರಿಗೆ ಹೇಳುವ ಮೊದಲೇ ದಿನ, ಹೊತ್ತು, ಸ್ಥಳಗಳೊಡನೆ ಕಾಗದದ ಮೇಲೆ ಬರೆದಿಟ್ಟುಕೊಂಡು ತನಿಖೆಯವರಿಗೆ ತಿಳಿಸಬೇಕು. ಹೆಣ ಬಿದ್ದ ಸ್ಥಳಕ್ಕೆ ಹೋಗಕೂಡದು; ದನಕರುಗಳನ್ನೂ ಜನರನ್ನೂ ದೂರವಿಡಬೇಕು; ಏನನ್ನೂ ಎತ್ತಬಾರದು, ತೊಳೆಯಬಾರದು, ಚಿತ್ರ ತೆಗೆದು ಹಂಚಬಾರದು. ಹೇಳಬೇಕಾದಲ್ಲಿ ಹೇಳದೆ ಸುಮ್ಮನಿದ್ದು, ಹೇಳಬಾರದಲ್ಲಿ ಹತ್ತು ಬಾಯಿಯಾಗುವುದು ನಮ್ಮ ಊರುಗಳ ಹಳೆಯ ರೋಗ. ಕಟ್ಟೆಯ ಮೇಲೆ ಅಷ್ಟೊಂದು ಬಲ್ಲವರು, ಠಾಣೆಯಿಂದ ಸಮನ್ಸು ಬಂದ ದಿನ ಏನನ್ನೂ ಅರಿಯದವರಾಗಿಬಿಡುತ್ತಾರೆ!

ಸತ್ತವರು ಮರಳಿ ಬರುವುದಿಲ್ಲ. ಅವರಿಗೆ ಬದುಕಿರುವವರು ಸಲ್ಲಿಸಬಹುದಾದ ಋಣವು ಒಂದೇ: ಕೊಂದವನನ್ನು ಬಿಡದಂತೆ, ಕೊಲ್ಲದವನನ್ನು ಹಿಡಿಯದಂತೆ, ನಿಜವು ತನ್ನ ಕಾಲಿನ ಮೇಲೆಯೇ ನಡೆದು ನ್ಯಾಯಸ್ಥಾನವನ್ನು ಮುಟ್ಟಲು ದಾರಿ ಬಿಟ್ಟುಕೊಡುವುದು. ಕಂಡವರು ಕಂಡಷ್ಟನ್ನು ಹೇಳಲಿ, ಕಾಣದವರು ಕೇಳಬೇಕಾದುದನ್ನು ಕೇಳಲಿ.